ಮಗುಚಿಟ್ಟ ಮುಚ್ಚಳ

ಅಡುಗೆ ಕಲಿಸುವ ಸೌಟು ಟೀಚರ ದನಿಯ ಬಗ್ಗೆ ಆ ಪ್ರೌಢಶಾಲೆಯಲ್ಲಿ ಹೇಳುತ್ತಿದ್ದುದನ್ನೆಲ್ಲ ಪೂರ್ತಿ ನಂಬಬೇಕಾಗಿಲ್ಲ. ಮುಕ್ಕಾಲು ಪಾಲು ನಂಬಿದರೆ ಸಾಕು. ಅವರು ತರಗತಿಯಲ್ಲಿ "ಒಲೆ ಆರಿಸ್ರೋ" ಎಂದರೆ ಎದುರು ಬೀದಿಯ ಮನೆಗಳಲ್ಲೂ ಒಲೆ ಆರಿ, ಅಲ್ಲಿನ ಗಂಡಸರು ಅರೆಬೆಂದ ಅನ್ನ ತಿಂದು ಕೆಲಸಕ್ಕೆ ಹೋಗುತ್ತಿದ್ದರಂತೆ. ಒಮ್ಮೆ ಬಿಸಿ ಪಾತ್ರೆ ಹಿಡಿದು ಓಡುತ್ತಿದ್ದ ಹುಡುಗನೊಬ್ಬನಿಗೆ "ನಿಲ್ಲೋ!" ಎಂದು ಗದರಿದಾಗ ಹುಡುಗನ ಜೊತೆಗೆ ರಸ್ತೆಯಲ್ಲಿದ್ದ ಬಸ್ಸೂ ನಿಂತಿತು, ಡ್ರೈವರು ಇಳಿದು ಬಂದು, "ಹತ್ತೋದಿತ್ತಾ ಅಮ್ಮಾ?" ಎಂದು ಕೇಳಿದನಂತೆ.

ಅವರ ಅಡುಗೆ ತರಗತಿ ಇದ್ದದ್ದು ಶಾಲೆಯ ಹಿಂಭಾಗದಲ್ಲಿ, ಸೈಕಲ್ ನಿಲ್ಲಿಸುವ ತಗಡಿನ ಮಾಡಿನ ಆಚೆ. ಮುರಿದ ಕುರ್ಚಿಗಳನ್ನು ಪೇರಿಸಿಡುತ್ತಿದ್ದ ಕೋಣೆಯದು. ಕುರ್ಚಿಗಳನ್ನು ಹೊರಗೆಸೆದು, ಗ್ಯಾಸಿನ ಒಲೆಗಳನ್ನು ಗೋಡೆಗುಂಟ ಸಾಲಾಗಿ ಇರಿಸಿ, ಬಿಜಾಗರಿ ಕಳಚಿದ ಕಿಟಕಿಯನ್ನು ತಂತಿಯಿಂದ ಬಿಗಿದು ಅದನ್ನೊಂದು ಅಡುಗೆಮನೆ ಮಾಡಿದವರು ಅವರೇ. ಟೀಚರ ಗಂಡ ದರ್ಜಿ. ಅಂಗಡಿಯಲ್ಲಿ ಉಳಿದ ಪರದೆ ಬಟ್ಟೆಯಲ್ಲಿ ಅವರು ಮಕ್ಕಳಿಗೆಲ್ಲ ಏಪ್ರನ್ ಹೊಲಿದುಕೊಟ್ಟಿದ್ದರು. ಹಾಗಾಗಿ ಒಂಬತ್ತು ಮತ್ತು ಹತ್ತನೇ ತರಗತಿಯ ಮಕ್ಕಳು ಅಡುಗೆಗೆ ನಿಂತರೆ ಯಾರದೋ ಮನೆಯ ಕಿಟಕಿಗಳೆಲ್ಲ ಎದ್ದು ಬಂದು ತರಕಾರಿ ಹೆಚ್ಚುತ್ತಿರುವಂತೆ ಕಾಣುತ್ತಿತ್ತು.

ಹೆಚ್ಚುವುದು, ಬೇಯಿಸುವುದು ಮಾತ್ರವಲ್ಲ. ಬಂದವರನ್ನು ಮಾತಾಡಿಸುವುದು, ಬಡಿಸುವುದು, ಕೆಲಸ ಕೇಳಲು ಹೋದಾಗ ಉಗುರು ಕಚ್ಚದೆ ನಿಲ್ಲುವುದು, ಇವೆಲ್ಲ ಅಲ್ಲಿನ ಪಾಠ. ಆಸ್ಪತ್ರೆಯ ಕ್ಯಾಂಟೀನಿನಲ್ಲಿ, ಬೇಕರಿಯಲ್ಲಿ, ಹಾಸ್ಟೆಲುಗಳಲ್ಲಿ ಆ ಕೋಣೆಯಿಂದ ಹೋದ ಮಕ್ಕಳು ಕೆಲಸ ಮಾಡುತ್ತಿದ್ದರು. ಎಲ್ಲಿ ಏನು ಸೀದರೂ ಅಲ್ಲೊಂದು ಕೂಗು ಏಳುತ್ತಿತ್ತು. ಆ ಕೂಗೇ ಟೀಚರ ಕಾನೂನು.

ಕಾನೂನು ಸರಳ. ಕೆಡಿಸಿದವರು ತಕ್ಷಣ ಕೂಗಬೇಕು: "ತಳ ಹಿಡೀತು, ನನ್ನ ಕೈ!" ಪಿಸುಗುಟ್ಟಿದರೆ ಲೆಕ್ಕಕ್ಕಿಲ್ಲ. ಕೇಳಿದವರು ಬಯ್ಯಬಾರದು, ನಗಬಾರದು. ಅವರು ಹೇಳಬೇಕಾದ್ದು ಒಂದೇ ಮಾತು: "ಈಗೇನು ಮಾಡೋಣ?" ಸರಿಪಡಿಸಿದ ಮೇಲೆ ಹೊಟ್ಟೆ ಹುಣ್ಣಾಗುವಷ್ಟು ನಗಲು ಅಡ್ಡಿಯಿಲ್ಲ.

ಇದನ್ನು ಟೀಚರು ಯಾವ ಪುಸ್ತಕದಿಂದಲೂ ಎತ್ತಿಕೊಂಡದ್ದಲ್ಲ. ಚಿಕ್ಕ ವಯಸ್ಸಿನಲ್ಲಿ ಅವರು ರೈಲು ನಿಲ್ದಾಣದ ಕ್ಯಾಂಟೀನಿನಲ್ಲಿ ದುಡಿದವರು. ಅಲ್ಲಿನ ಹಿರಿಯ ಅಡುಗೆಯವನು ತಪ್ಪು ಮಾಡಿದವರ ಬೆನ್ನಿಗೆ ಜಾಲರಿ ಸೌಟಿನಲ್ಲೇ ಬಾರಿಸುತ್ತಿದ್ದ. ಒಂದು ದಿನ ಯಾರೋ ಹಿಟ್ಟೆಂದು ಸೋಪಿನ ಪುಡಿಯನ್ನು ಗಂಜಿಗೆ ಸುರಿದರು. ಸುರಿದವರಿಗೆ ಗೊತ್ತು, ಪಕ್ಕದಲ್ಲಿದ್ದವರಿಗೆ ಗೊತ್ತು, ಸೌಟಿನ ಹೆದರಿಕೆಗೆ ಎಲ್ಲರ ಬಾಯಿಗೂ ಬೀಗ. ಆವತ್ತು ಹೊರಟ ರೈಲು ಹೊಗೆಯ ಬದಲು ನೊರೆ ಬಿಡುತ್ತ ಹೋಯಿತೆಂದು ಟೀಚರು ಮಕ್ಕಳಿಗೆ ಹೇಳುತ್ತಿದ್ದರು. ಮುಂದಿನ ನಿಲ್ದಾಣದಲ್ಲಿ ಪ್ರಯಾಣಿಕರೆಲ್ಲ ಒಳಗೂ ಹೊರಗೂ ಶುಭ್ರವಾಗಿ ಇಳಿದರಂತೆ. "ನನಗೇನಾದ್ರೂ ನನ್ನದೇ ಅಡುಗೆಮನೆ ಅಂತ ಸಿಕ್ರೆ, ಅಲ್ಲಿ ಬಾಯಿ ಮುಚ್ಕೊಂಡಿರೋರಿಗೆ ಜಾಗ ಇಲ್ಲ" ಎಂದು ಆವತ್ತೇ ನಿರ್ಧರಿಸಿದ್ದರು.

ಈಗ ಆ ಅಡುಗೆಮನೆಗೇ ಸಂಚಕಾರ ಬಂದಿತ್ತು.

ಹೆಡ್‌ಮಾಸ್ತರು ಒಳ್ಳೆಯವರೇ, ಆದರೆ ತಲೆಯ ಮೇಲೆ ತುಂಬಿದ ಕೊಡ ಇದೆ ಎಂಬಂತೆ ನಡೆಯುವ ಮನುಷ್ಯ. ಒಂದು ಬೆಳಿಗ್ಗೆ ಬಡಗಿಯನ್ನು ಕರೆದುಕೊಂಡು ಬಂದರು. ಬಡಗಿ ಯಾರನ್ನೂ ಕೇಳದೆ ಗೋಡೆಗೆ ಟೇಪು ಹಿಡಿದ.

"ಯಾಕಪ್ಪಾ, ಗೋಡೆಗೆ ಅಂಗಿ ಹೊಲಿಸ್ತಾರಾ? ನಮ್ಮನೆಯವರಿಗೆ ಹೇಳಿದ್ರೆ ಅವರೇ ಅಳತೆ ತಗೋತಿದ್ರು" ಎಂದರು ಟೀಚರು.

"ಬೆಂಚಿಗೆ ಅಮ್ಮಾ" ಎಂದು ಬಡಗಿ ನೆಲ ನೋಡಿದ.

ಹೆಡ್‌ಮಾಸ್ತರು ಗಂಟಲು ಸರಿಮಾಡಿಕೊಂಡರು. "ಆಡಳಿತ ಮಂಡಳಿಯ ಅಧ್ಯಕ್ಷರು ಇಲ್ಲಿ ಪರೀಕ್ಷೆಗೆ ತಯಾರಿ ಮಾಡ್ಸೋ ಕ್ಲಾಸು ಶುರು ಮಾಡ್ಬೇಕು ಅಂತಿದ್ದಾರೆ ಟೀಚರ್. ಶುಕ್ರವಾರ ಊಟಕ್ಕೆ ಇಲ್ಲಿಗೇ ಬರ್ತಾರೆ. ಊಟ ಚೆನ್ನಾಗಿದ್ರೆ ಮನಸ್ಸು ಬದಲಾದ್ರೂ ಆಗ್ಬಹುದು. ಒಂದು ಎಡವಟ್ಟಾದ್ರೆ ಬೀಗವೇ. ದಯವಿಟ್ಟು ಆ ಕೂಗಾಟ ಒಂದು ಆವತ್ತು ಬೇಡ."

"ಅದು ಕೂಗಾಟ ಅಲ್ಲ ಸಾರ್, ಪಾಠ."

"ಪಾಠ ಒಂದು ದಿನ ರಜೆ ಹಾಕ್ಲಿ."

"ನಾನು ಮೈ ಸುಡೋ ಜ್ವರ ಬಂದಾಗ್ಲೂ ರಜೆ ಹಾಕಿಲ್ಲ. ಪಾಠಕ್ಕೆ ಯಾಕೆ ಆ ಕೆಟ್ಟ ಚಾಳಿ ಕಲಿಸ್ಲಿ?"

ಮನೆಯಲ್ಲಿ ಗಂಡ ಗುಂಡಿ ಹೊಲಿಯುತ್ತ ಎಲ್ಲವನ್ನೂ ಕೇಳಿಸಿಕೊಂಡರು. "ಒಂದು ದಿನ ಮೆತ್ತಗಿದ್ರೆ ನಿನ್ನ ಗಂಟೇನು ಹೋಗುತ್ತೆ ಇವಳೇ? ಮದುವೆಯಾದಾಗಿಂದ ನಾನು ಮೆತ್ತಗೇ ಇದೀನಿ, ಬದುಕಿಲ್ವಾ?"

"ನೀವು ಮೆತ್ತಗಿರೋದು ಬಾಯಲ್ಲಿ ಸೂಜಿ ಕಚ್ಕೊಂಡಿರ್ತೀರಲ್ಲ, ಅದಕ್ಕೆ. ಅಲ್ಲಾ ರೀ, ತಪ್ಪನ್ನ ಮುಚ್ಚಿಟ್ಟು ಉಳಿಸ್ಕೊಂಡ ಅಡುಗೆಮನೇಲಿ ನಾಳೆ ನಾನು ಮಕ್ಕಳಿಗೆ ಏನು ಅಂತ ಹೇಳ್ಲಿ?"

"ಹೇಳ್ಬೇಡ. ಮೊದ್ಲು ಅಡುಗೆಮನೆ ಉಳಿಸ್ಕೋ."

ಟೀಚರು ಉತ್ತರ ಕೊಡದೆ ಎದ್ದು ಹೋದರು. ಅವರು ಉತ್ತರ ಕೊಡದಿದ್ದದ್ದು ಗಂಡನಿಗೆ ನೆನಪಿರುವಂತೆ ಅದೇ ಮೊದಲು. ಗಾಬರಿಯಲ್ಲಿ ಗುಂಡಿಯನ್ನು ತಮ್ಮ ತೋಳಿಗೇ ಸೇರಿಸಿ ಹೊಲಿದುಕೊಂಡರು.

ಶುಕ್ರವಾರ ಬಂತು. ಊಟಕ್ಕೆ ತರಕಾರಿ ಸೂಪು, ಬ್ರೆಡ್ಡು, ಹಣ್ಣು. ಸೂಪಿನ ಹೊಣೆ ಪಿಸುಮಾತಿನದು. ಅದು ಹತ್ತನೇ ತರಗತಿಯ ಹುಡುಗಿಯೊಬ್ಬಳಿಗೆ ಬಿದ್ದಿದ್ದ ಅಡ್ಡಹೆಸರು. ಅವಳು ಹಾಜರಿ ಹೇಳಿದರೆ ಪಕ್ಕದ ಬೆಂಚಿನವರಿಗೂ ಗೈರುಹಾಜರಿಯಂತೆ ಕೇಳುತ್ತಿತ್ತು. ಆದರೆ ಕೈ ಬಲು ಅಚ್ಚುಕಟ್ಟು. ಪಾತ್ರೆಗೆ ಉಪ್ಪು ಹಾಕಿದವರು ಮುಚ್ಚಳವನ್ನು ಮಗುಚಿ ಇಡಬೇಕು, ಮಗುಚಿದ ಮುಚ್ಚಳ ಕಂಡರೆ ಇನ್ನೊಬ್ಬರು ಉಪ್ಪು ಮುಟ್ಟಬಾರದು ಎಂಬುದು ಅಲ್ಲಿನ ರೂಢಿ. ಅವಳು ಉಪ್ಪು ಹಾಕಿ, ಮುಚ್ಚಳ ಮಗುಚಿಟ್ಟು, ಬ್ರೆಡ್ಡು ಕೊಯ್ಯಲು ಹೋದಳು.

ಅಷ್ಟರಲ್ಲಿ ಗೇಟಿನಲ್ಲಿ ಅಧ್ಯಕ್ಷರ ಕಾರಿನ ಸದ್ದು. ಅವರು ನಟ್ಟು ಬೋಲ್ಟಿನ ಕಾರ್ಖಾನೆಯ ಮಾಲೀಕರು. ಹೊಟ್ಟೆ ಮೊದಲು ಬಂದು, ಸ್ವಲ್ಪ ಹೊತ್ತಿನ ನಂತರ ಅವರು ಬಂದರು. ಹಿಂದೆ ಹೆಡ್‌ಮಾಸ್ತರು, ತುಟಿಯ ಮೇಲೆ ಬೆರಳಿಟ್ಟುಕೊಂಡೇ ಒಳಗೆ ಕಾಲಿಟ್ಟರು. ಟೀಚರ ಒಂದು ಕಣ್ಣು ಬಾಗಿಲ ಮೇಲೆ, ಇನ್ನೊಂದು ಆ ಬೆರಳಿನ ಮೇಲೆ. ಉಳಿದದ್ದು ಕೈಯೊಂದೇ. ಅದು ತನ್ನ ಪಾಡಿಗೆ ತಾನು ಸೂಪಿನ ಮುಚ್ಚಳ ತೆಗೆದು, ಡಬ್ಬಿಯಿಂದ ಉಪ್ಪು ತೆಗೆದು ಹಾಕಿತು. ಮುಚ್ಚಳವನ್ನು ಮಗುಚಿ ಇಡಲು ಹೋದಾಗ ಟೀಚರು ಕೆಳಗೆ ನೋಡಿದರು. ಅದು ಆಗಲೇ ಮಗುಚಿಕೊಂಡಿತ್ತು.

ಸೌಟಿನ ತುದಿಯಿಂದ ರುಚಿ ನೋಡಿದರು. ಸಮುದ್ರದಲ್ಲಿ ಈಜುವ ಮೀನೂ ನೀರು ಕೇಳುವಂಥ ಉಪ್ಪು.

ಯಾರೂ ನೋಡಿರಲಿಲ್ಲ. ಸುಮ್ಮನಿದ್ದರೆ ಸೂಪು ಕೆಡಿಸಿದವಳು ಪಿಸುಮಾತೇ. ಅವಳು ತಾನಲ್ಲ ಎಂದರೂ ಯಾರಿಗೂ ಕೇಳಿಸುವುದಿಲ್ಲ. ಗುಟ್ಟಾಗಿ ಸರಿಮಾಡೋಣವೆಂದರೆ ಅಧ್ಯಕ್ಷರು ಆಗಲೇ ಕುರ್ಚಿ ಎಳೆದುಕೊಂಡು ಕೂತಿದ್ದರು. ಗೋಡೆಯ ಮೇಲೆ ಬಡಗಿ ಎಳೆದ ಪೆನ್ಸಿಲಿನ ಗೆರೆಗಳು ಕಾಣುತ್ತಿದ್ದವು. ಟೀಚರು ಆ ಗೆರೆಗಳನ್ನು ನೋಡಿದರು, ಮುಚ್ಚಳವನ್ನು ನೋಡಿದರು, ಉಸಿರು ಎಳೆದುಕೊಂಡರು.

"ಸೂಪಿಗೆ ಎರಡು ಸಲ ಉಪ್ಪು ಬಿತ್ತು! ನನ್ನ ಕೈ!"

ಗೋಡೆಯ ಹಲ್ಲಿ ಬಾಲ ಬಿಟ್ಟು ಓಡಿತು. ಹೊರಗೆ, ನಿಂತ ಕಾರಿನಲ್ಲಿ ನಿದ್ದೆ ಮಾಡುತ್ತಿದ್ದ ಅಧ್ಯಕ್ಷರ ಡ್ರೈವರು ಎಚ್ಚರಾಗಿ ಬ್ರೇಕು ತುಳಿದ. ಹೆಡ್‌ಮಾಸ್ತರ ತಲೆಯ ಮೇಲಿನ ಕೊಡ ಕೊನೆಗೂ ಬಿತ್ತೆಂದು ಕಾಣುತ್ತದೆ, ಅವರು ಬೆವರಿನಲ್ಲಿ ತೊಯ್ದುಹೋದರು.

ಮಕ್ಕಳು ಬಾಯಿ ಬಿಟ್ಟುಕೊಂಡು ನಿಂತರು. ಟೀಚರ ಕೈ ತಪ್ಪುತ್ತದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಆ ಮೌನದಲ್ಲಿ ಒಂದು ದನಿ ಎದ್ದಿತು. ಆ ದನಿ ಯಾರದೆಂದು ಮೊದಲು ಯಾರಿಗೂ ತಿಳಿಯಲಿಲ್ಲ, ಯಾಕೆಂದರೆ ಅದನ್ನು ಯಾರೂ ಕೇಳಿರಲೇ ಇಲ್ಲ.

"ಈಗೇನು ಮಾಡೋಣ, ಟೀಚರ್?" ಎಂದಳು ಪಿಸುಮಾತು, ಗಟ್ಟಿಯಾಗಿ.

ಅಷ್ಟೇ ಸಾಕಿತ್ತು. ಒಬ್ಬ ಅರ್ಧ ಸೂಪನ್ನು ಬೇರೆ ಪಾತ್ರೆಗೆ ಬಗ್ಗಿಸಿದ, ಇನ್ನೊಬ್ಬಳು ನೀರು ಕಾಯಲಿಟ್ಟಳು, ಉಳಿದವರು ತರಕಾರಿಯ ಬುಟ್ಟಿಗೆ ಕೈಹಾಕಿದರು.

"ಟೀಚರಮ್ಮನೇ ಹೀಗೆ ಮಾಡಿದ್ರೆ ಮಕ್ಕಳಿಗೆ ಏನು ಕಲಿಸ್ತೀರ್ರೀ?" ಎಂದರು ಅಧ್ಯಕ್ಷರು.

"ಇದನ್ನೇ ಸಾರ್."

"ಮತ್ತೆ ಊಟ?"

"ತಡ ಆಗುತ್ತೆ. ತೀರಾ ಹಸಿವಾಗಿದ್ರೆ ಕ್ಯಾರೆಟ್ ಹೆರೀರಿ, ಬೇಗ ಆಗುತ್ತೆ." ಎಂದವರೇ ಒಂದು ಚಾಕುವನ್ನು ಅವರ ಮುಂದಿಟ್ಟರು.

ಹೆಡ್‌ಮಾಸ್ತರು ಕಣ್ಣು ಮುಚ್ಚಿಕೊಂಡರು. ತೆರೆದು ನೋಡಿದರೆ ಅಧ್ಯಕ್ಷರು ತೋಳು ಮಡಿಸಿ ಕ್ಯಾರೆಟ್ ಹೆರೆಯುತ್ತಿದ್ದರು. ಸಿಪ್ಪೆಗಿಂತ ಕ್ಯಾರೆಟ್ಟೇ ಹೆಚ್ಚು ಹೋಗುತ್ತಿತ್ತು, ಆ ಮಾತು ಬೇರೆ. ಹೆರೆಯುತ್ತಲೇ ಗೊಣಗಿದರು: "ನನ್ನ ಕಾರ್ಖಾನೇಲಿ ಮೆಷೀನು ಕೆಟ್ರೆ ನನಗೆ ಕೊನೇಗೆ ಗೊತ್ತಾಗುತ್ತೆ. ಗಿರಾಕಿ ಬಂದು ಬಯ್ದ ಮೇಲೆ. ಅಲ್ಲೀವರೆಗೂ ಎಲ್ರೂ ಚೆನ್ನಾಗಿದೆ ಸಾರ್, ಚೆನ್ನಾಗಿದೆ ಸಾರ್."

"ಮೊದಲು ಹೇಳಿದೋನಿಗೆ ನೀವೇನು ಮಾಡಿದ್ರಿ?"

"ಮನೆಗೆ ಕಳಿಸ್ದೆ" ಎಂದು ಅಧ್ಯಕ್ಷರು ಕ್ಯಾರೆಟ್ಟಿನ ಕಡೆಗೇ ನೋಡಿದರು.

ಸೂಪು ಬಂತು. ಕಾದು ಕಾದು ಹಸಿದ ಹೊಟ್ಟೆ, ಜೊತೆಗೆ ತಾವೇ ಹೆರೆದ ಕ್ಯಾರೆಟ್. ಅಧ್ಯಕ್ಷರು ಬಟ್ಟಲಿನ ಮೇಲೆ ಬಟ್ಟಲು ಖಾಲಿ ಮಾಡಿದರು. ಕೊನೆಯ ಬಟ್ಟಲಿನ ಬಣ್ಣವೇ ಮಾಸಿತ್ತೆನ್ನುತ್ತಾರೆ. ಆಮೇಲೆ ಎದ್ದು, ಹೆಡ್‌ಮಾಸ್ತರು ಬರೆದುಕೊಟ್ಟಿದ್ದ ಭಾಷಣ ಬಿಚ್ಚಿ ಓದತೊಡಗಿದರು. "ಮಕ್ಕಳ ಭವಿಷ್ಯದ ಹಿತದೃಷ್ಟಿಯಿಂದ, ಅನಗತ್ಯವಾದ ಈ ಅಡುಗೆ ಕೋಣೆಯನ್ನು..." ಅಲ್ಲಿಗೆ ನಾಲಿಗೆ ಮುಂದೆ ಹೋಗಲಿಲ್ಲ. ಕನ್ನಡಕದ ಮೇಲಿಂದ ಸುತ್ತ ನೋಡಿದರು.

"ಇದನ್ನ ಯಾರ್ರೀ ಬರೆದದ್ದು?"

ಹೆಡ್‌ಮಾಸ್ತರ ತುಟಿ ಅಲುಗಾಡಿತು.

"ಇಲ್ಲಿ ಪಿಸುಗುಟ್ಟಿದ್ರೆ ಲೆಕ್ಕಕ್ಕಿಲ್ಲ ಸಾರ್" ಎಂದರು ಸೌಟು ಟೀಚರು, ಮೆಲ್ಲಗೆ. ಮೆಲ್ಲಗೆಂದರೆ ಮುಂದಿನ ಬೀದಿಗೆ ಮಾತ್ರ ಕೇಳಿಸುವಷ್ಟು.

ಹೆಡ್‌ಮಾಸ್ತರು ಎದ್ದು ನಿಂತರು. ಕಾಲರ್ ಸಡಿಲಿಸಿಕೊಂಡರು. "ನನ್ನ ಕೈ!"

ಯಾರೂ ನಗಲಿಲ್ಲ. ಯಾರೂ ಬಯ್ಯಲಿಲ್ಲ. ಪರದೆ ಬಟ್ಟೆ ತೊಟ್ಟ ಇಡೀ ತರಗತಿ ಒಂದೇ ಉಸಿರಿಗೆ ಕೇಳಿತು: "ಈಗೇನು ಮಾಡೋಣ?"

ಅಧ್ಯಕ್ಷರು ಹೆಡ್‌ಮಾಸ್ತರನ್ನು ನೋಡಿದರು, ಹೆಡ್‌ಮಾಸ್ತರು ಗೋಡೆಯನ್ನು ನೋಡಿದರು. ಕೊನೆಗೆ ಅಲ್ಲಿದ್ದ ಒದ್ದೆ ಬಟ್ಟೆಯನ್ನು ಹೆಡ್‌ಮಾಸ್ತರೇ ಎತ್ತಿಕೊಂಡು ಬಡಗಿಯ ಪೆನ್ಸಿಲ್ ಗೆರೆಗಳನ್ನು ಉಜ್ಜತೊಡಗಿದರು. ಅವು ಪೂರ್ತಿ ಅಳಿಸಿದ ಮೇಲೆ ಮಕ್ಕಳು ನಕ್ಕರು ನೋಡಿ, ಮಾಡಿನ ತಗಡು ಇವತ್ತಿಗೂ ಸೊಟ್ಟಗಿದೆ.

ಅಡುಗೆಮನೆ ಉಳಿಯಿತೆಂಬ ಸುದ್ದಿ ಬಡಗಿಗೆ ತಲುಪುವ ಹೊತ್ತಿಗೆ ಮರ ಕೊಯ್ದಾಗಿತ್ತು. ಮರುವಾರ ಬೆಂಚುಗಳು ಬಂದೇಬಂದವು. ಎಲ್ಲಿಡಲಿ ಎಂದು ಅವನು ತಲೆ ಕೆರೆದುಕೊಂಡಾಗ, "ಒಳಗೇ ಇಡಪ್ಪಾ. ನಮ್ಮಲ್ಲಿ ಉಣ್ಣೋರು ಇನ್ನೂ ಎಷ್ಟು ದಿನ ನಿಂತ್ಕೊಂಡು ಉಣ್ಬೇಕು?" ಎಂದರು ಟೀಚರು.

ಹೆಡ್‌ಮಾಸ್ತರು ಬಾಗಿಲಲ್ಲಿ ನಿಂತು, ಹಳೆಯ ಅಭ್ಯಾಸ, "ಟೀಚರ್, ಬಾಗಿಲಾದ್ರೂ ಮುಚ್ಕೊಳ್ಳಿ. ಕೂಗಿದ್ದೆಲ್ಲ ಹೊರಗೆ ಕೇಳುತ್ತೆ" ಎಂದರು.

"ಕೇಳ್ಲಿ ಸಾರ್" ಎಂದು ಸೌಟು ಟೀಚರು ಬಾಗಿಲನ್ನು ಗೋಡೆಯವರೆಗೂ ತಳ್ಳಿ, ಅದು ಮತ್ತೆ ಮುಚ್ಚಿಕೊಳ್ಳದಂತೆ ಉಪ್ಪಿನ ದೊಡ್ಡ ಜಾಡಿಯನ್ನು ತಂದು ಅಡ್ಡ ಇಟ್ಟರು.