ಹನಿ ಒಣಗುವವರೆಗೆ

ನಿನ್ನೆ ಕುಮಟೆಯ ದವಾಖಾನೆಯಲ್ಲಿ ಕಂಪೌಂಡರು ಸ್ಪಿರಿಟ್ ದೀಪ ಹೊತ್ತಿಸಿದರು. ಆ ವಾಸನೆಗೆ ಹೊನ್ನಾವರದ ನಮ್ಮ ಜಗಲಿಯೂ ಅಲ್ಲಿ ಇಂಥದೇ ದೀಪದಲ್ಲಿ ಸೂಜಿ ಕಾಯಿಸುತ್ತ ಕೂರುತ್ತಿದ್ದ ದೇವಿ ಡಾಕ್ಟರೂ ನೆನಪಾದರು. ಅವರ ಬಗ್ಗೆ ವಿಚಾರಿಸಿದೆ. ಯಾಣದ ಕಡೆ ಹೋದವರು ಜ್ವರ ಹಿಡಿದು ಅಲ್ಲೇ ತೀರಿಕೊಂಡರಂತೆ... ಮನೆಗೆ ಬಂದು ನನ್ನ ಹಳೆಯ ದಿನಚರಿ ತೆಗೆದೆ.

ಯುದ್ಧದ ವರ್ಷಗಳು. ನನಗೆ ಹನ್ನೆರಡು. ಸಿಡುಬನ್ನು ನಾವು ದೇವಿ ಎನ್ನುತ್ತಿದ್ದೆವು. ಅದು ಬಾರದಂತೆ ತೋಳಿಗೆ ಗೀರಿ ಮದ್ದಿನ ಹನಿ ಹಚ್ಚುವುದಕ್ಕೂ ದೇವಿ ಹಾಕುವುದೆಂದೇ ಹೆಸರು, ಹಾಕುವವರು ದೇವಿ ಡಾಕ್ಟರು. ಹಾಗಾಗಿ ಈ ಮನುಷ್ಯ ರೋಗವನ್ನೇ ಮನೆಗೆ ತರುತ್ತಾನೆಂದು ಅಜ್ಜಿಗೆ ಭಯ. ಕೇರಿಯ ಕೊನೆಯ ಮನೆಯಲ್ಲಿ ಆಗಲೇ ಒಬ್ಬರು ದೇವಿ ಬಂದು ಮಲಗಿದ್ದರು. ಹೆಂಗಸರು ಎಳನೀರು, ಹೂವು ಹಿಡಿದು ದೇವಿಯನ್ನು ನೋಡಲು ಹೋಗುತ್ತಿದ್ದರು. ಡಾಕ್ಟರು ಗದರಲಿಲ್ಲ. "ದೇವಿಗೆ ಗದ್ದಲ ಆಗೂದಿಲ್ಲ. ಮೆಟ್ಲ ಮೇಲೆ ಇಟ್ಟು ಕೈ ಮುಗ್ದು ಬನ್ನಿ" ಎಂದರು. ಒಳಗೆ ಹೋಗುವುದು ನಿಂತಿತು.

ಡಾಕ್ಟರು ನಮ್ಮ ಜಗಲಿಯಲ್ಲಿ ದೇವಿ ಹಾಕಿದ ಮಂಗಳವಾರದ ಪುಟದಲ್ಲಿ ಹದಿನೇಳು ಮಕ್ಕಳ ಹೆಸರಿದೆ, ನಾನು ಮತ್ತು ತಂಗಿ ಸೇರಿ. ಎಂಟನೆಯ ದಿನ ಅವರು ನೋಡಲು ಬಂದಾಗ ನನ್ನ ತೋಳಲ್ಲಿ ಮದ್ದು ಹತ್ತಿದ ಗುರುತಿಗೆ ಗುಳ್ಳೆ ಎದ್ದಿತ್ತು. ಒಂದೂವರೆ ವರ್ಷದ ತಂಗಿಯ ತೋಳು ನುಣ್ಣಗಿತ್ತು. ಮಂಗಳವಾರ ಅವರು ಅತ್ತ ಹೋದದ್ದೇ ತಡ, ಅಜ್ಜಿ ಸೆರಗಿನಿಂದ ಹನಿ ಒರೆಸಿದ್ದಳು. ನಾನು ನೋಡಿಯೂ ಸುಮ್ಮನಿದ್ದೆ... ಆದರೆ ಕೊನೆಯ ಮನೆಯಲ್ಲಿ ಈಗ ಮೂವರು ಮಲಗಿದ್ದರು. ಡಾಕ್ಟರಿಗೆ ಹೇಳಿಬಿಟ್ಟೆ.

"ಒರ್ಸಿದೆ, ಎಂತ ಈಗ?" ಅಜ್ಜಿ ಸಿಡುಕಿದಳು.

"ಆತು ಅಮ್ಮ," ಎಂದರು ಡಾಕ್ಟರು. " ನಿಮ್ಗೆ ದೇವಿ ಹಾಡು ಪೂರ್ತಿ ಬತ್ತದ್ಯ? ಆಚೆ ಕೇರಿ ಅಜ್ಜಿ ಅರ್ಧಕ್ಕೇ ಮರ್ತ್ರು."

"ಅವ್ಳಿಗೆಂತ ಬತ್ತದೆ, ಮಣ್ಣು!"

"ಹಾಗಾದ್ರೆ ಚಪ್ಪಾಳೆ ತಟ್ಟಿ ಹಾಡಿ. ದೇವಿ ಕೇಳ್ಲಿ."

ಅಜ್ಜಿ ಕಣ್ಣು ಮುಚ್ಚಿ, ಚಪ್ಪಾಳೆ ತಟ್ಟುತ್ತ ಹಾಡಿದಳು. ಡಾಕ್ಟರು ತಂಗಿಯನ್ನು ತೊಡೆಯ ಮೇಲೆ ಕೂರಿಸಿ, ಗೀರಿ, ಹನಿ ಹಚ್ಚಿ, ತೋಳು ಹಿಡಿದೇ ಕುಳಿತರು. ಮಗು ಚೀರಿದರೂ ಅಜ್ಜಿ ನಡುವೆ ಬಿಡಲಿಲ್ಲ. ದೇವಿಯ ಹಾಡನ್ನು ಅರ್ಧಕ್ಕೆ ನಿಲ್ಲಿಸುವಂತಿರಲಿಲ್ಲ. ಹಾಡು ಮುಗಿದಾಗ ಹನಿ ಒಣಗಿತ್ತು.

"ಕಳ್ಳ ನೀನು!" ಎಂದಳು ಅಜ್ಜಿ. ಆದರೂ ಅವರಿಗೆ ಮಜ್ಜಿಗೆ ಕೊಟ್ಟಳು.

ಮಳೆಗಾಲದೊಳಗೆ ಕೇರಿಯಲ್ಲಿ ಇಬ್ಬರು ದೇವಿಯಿಂದ ತೀರಿಹೋದರು. ಆ ಹದಿನೇಳು ಮಕ್ಕಳಲ್ಲಿ ಯಾರಿಗೂ ಏನೂ ಆಗಲಿಲ್ಲ.

ನಿನ್ನೆ ಅಜ್ಜಿಗೆ ಅವರು ತೀರಿಕೊಂಡ ಸುದ್ದಿ ಹೇಳಿದೆ. "ಅವ್ನ ಹೆಸ್ರೆಂತ?" ಎಂದು ಕೇಳಿದಳು.

ನಾನು ಪುಟ ಪುಟವನ್ನೂ ಹುಡುಕಿದೆ. ಎಲ್ಲ ಕಡೆ ದೇವಿ ಡಾಕ್ಟರು ಎಂದಷ್ಟೇ ಬರೆದಿದ್ದೆ.