ನೆಲ ಗುಡಿಸುವ ನೈಟಿ

ನಾಲ್ಕು ವರ್ಷದ ಹಿಂದೆ ನನ್ನ ಎರಡೂ ಕಿಡ್ನಿ ಕೈಕೊಟ್ಟಾಗ ಹಳಿಯಾಳದ ಅಕ್ಕ ತನ್ನದೊಂದನ್ನು ಕೊಟ್ಟಳು. ಅಂದಿನಿಂದ ಫೋನು ಮಾಡಿದಾಗಲೆಲ್ಲ ಅವಳದು ಒಂದೇ ಪ್ರಶ್ನೆ: "ಹೆಂಗದಾಳ ನನ್ನಾಕಿ?" ಮದುವೆ ಮಾಡಿ ಕೊಟ್ಟ ಮಗಳನ್ನು ವಿಚಾರಿಸಿದಂತೆ ಕಿಡ್ನಿಯನ್ನು ವಿಚಾರಿಸುತ್ತಿದ್ದಳು. "ಆರಾಮ ಅದಾಳ," ಅನ್ನುತ್ತಿದ್ದೆ.

ಹೋದ ವರ್ಷ ಸೊಂಟದ ಮೇಲೆ ನೋವು ಶುರುವಾಯಿತು. ಅಂಬೇವಾಡಿಯಲ್ಲಿ ನನ್ನದು ಹೊಲಿಗೆ ಅಂಗಡಿ. ಮಷೀನಿನ ಮುಂದೆ ಹತ್ತು ನಿಮಿಷ ಕೂರಲಾರೆ. ಎದ್ದು ಬಾಗಿಲಿಗೆ ಹೋಗುವುದು, ಮಡಿಚಿದ ಬಟ್ಟೆಯನ್ನೇ ಮತ್ತೆ ಮಡಿಚುವುದು, ಬಂದು ಕೂರುವುದು, ಮತ್ತೆ ಏಳುವುದು. ಹೊಸ ಕಿಡ್ನಿ ಇರುವುದು ಹೊಟ್ಟೆಯ ಮುಂಭಾಗದಲ್ಲಿ, ಗೊತ್ತು. ಆದರೂ ಬೆನ್ನು ನೊಂದರೆ ಕಿಡ್ನಿಯೇ ಕೆಟ್ಟಿತು ಅನ್ನುವ ಭಯ ಬಿಡಲೊಲ್ಲದು. ಅಕ್ಕ ಕೊಟ್ಟಿದ್ದನ್ನು ಹಾಳು ಮಾಡಿದೆ ಎಂದು ಯಾವ ಬಾಯಿಂದ ಹೇಳಲಿ? ತಿಂಗಳ ತಪಾಸಣೆಯಲ್ಲಿ ರಿಪೋರ್ಟು ಸರಿಯಿದೆ ಅಂದರೂ ನಂಬಿಕೆ ಬರಲಿಲ್ಲ, ನೋವಿನ ಬಗ್ಗೆ ಅಲ್ಲೂ ಬಾಯಿ ಬಿಡಲಿಲ್ಲ.

ಅದೇ ಹೊತ್ತಿಗೆ ನನ್ನ ನೈಟಿಗಳು ನೆಲ ಗುಡಿಸತೊಡಗಿದವು. ಬಟ್ಟೆ ಜಗ್ಗುತ್ತಿದೆ ಎಂದು ಬಟ್ಟೆಯ ಥಾನು ಕೊಟ್ಟ ಅಂಗಡಿಯವನನ್ನು ಬೈದು, ಅಂಚನ್ನು ಮಡಿಚಿ ಹೊಲಿದೆ. ದಿನಾ ಹತ್ತು ಜನರ ಮೈಗೆ ಟೇಪು ಹಿಡಿಯುವವಳಿಗೆ ತನ್ನ ಮೈಗೂ ಹಿಡಿಯಬೇಕೆಂದು ಹೊಳೆಯಲಿಲ್ಲ. ನನ್ನ ಅಳತೆ ನನಗೆ ಬಾಯಿಪಾಠ.

ದೀಪಾವಳಿಗೆ ಅಕ್ಕ ಬಂದಳು. ನಾವು ಒಂದೇ ಎತ್ತರದವರು, ಅವಳ ನೈಟಿಯನ್ನೂ ನನ್ನ ಅಳತೆಗೇ ಹೊಲಿಯುವುದು. ಒಂದೇ ಥಾನಿನ ಎರಡು ಹೊಸ ನೈಟಿ ತೊಟ್ಟು ಹಿತ್ತಲಲ್ಲಿ ನಿಂತಿದ್ದೆವು. ಅವಳದು ಪಾದದ ಮೇಲೆ ನೆಟ್ಟಗಿತ್ತು. ನನ್ನದು ಒಗೆಯುವ ಕಲ್ಲಿನ ನೀರಿನಲ್ಲಿ ತೊಯ್ಯುತ್ತಿತ್ತು.

"ಅಲ್ಲ, ನೀ ಹೆಂಗ ಗಿಡ್ಡ ಆದಿ?" ಎಂದವಳೇ ನನ್ನ ಕೊರಳಿನ ಟೇಪು ಕಿತ್ತುಕೊಂಡು ನನ್ನನ್ನು ಗೋಡೆಗೆ ನಿಲ್ಲಿಸಿ ಅಳೆದಳು. ಎರಡು ಇಂಚು ಕಮ್ಮಿ.

ಅಕ್ಕನೇ ಧಾರವಾಡಕ್ಕೆ ಕರೆದೊಯ್ದಳು. ಡಾಕ್ಟರು ಎಕ್ಸ್-ರೇ ತೋರಿಸಿದರು. ಬೆನ್ನುಮೂಳೆ ಎರಡು ಕಡೆ ಮುರಿದು ಕುಸಿದಿತ್ತು. "ಎಲ್ಲೆರೆ ಬಿದ್ದಿದ್ರೇನ್ರಿ?" ಬಿದ್ದಿರಲಿಲ್ಲ, ನೀರಿನ ಕೊಡ ಎತ್ತಿದ್ದೆ, ಅಷ್ಟೇ. ಕಿಡ್ನಿಗೆ ಏನೂ ಆಗಿರಲಿಲ್ಲ, ಅದನ್ನು ಉಳಿಸಲು ನುಂಗುವ ಸ್ಟಿರಾಯ್ಡ್ ಗುಳಿಗೆಯೇ ಎಲುಬನ್ನು ಟೊಳ್ಳು ಮಾಡಿತ್ತಂತೆ. ನೋವು ಶುರುವಾದಾಗಲೇ ಹೇಳಿದ್ದರೆ ಎರಡನೆಯ ಎಲುಬಾದರೂ ಉಳಿಯುತ್ತಿತ್ತೇನೋ ಎಂದರು.

ಹೊರಗೆ ಬಂದು, "ನಿನ್ನಾಕಿಗೆ ಏನೂ ಆಗಿಲ್ಲಕ್ಕಾ, ಆರಾಮ ಅದಾಳ," ಎಂದೆ. ನನಗೆ ಖುಷಿ ತಡೆಯಲಾಗಿರಲಿಲ್ಲ.

ಅಕ್ಕ ಅಲ್ಲೇ ಬೆಂಚಿನ ಮೇಲೆ ಕೂತು ಅತ್ತಳು. "ಆಕಿನ್ನ ಕೊಟ್ಟಿದ್ದು ನೀ ಇರ್ಲಿ ಅಂತ. ನೀ ಮುರಕೊಂಡು ಆಕಿನ್ನ ಕಾಯಿ ಅಂತ ಹೇಳಿದ್ನೇನ?"

ಈಗ ಫೋನಿನಲ್ಲಿ "ನೀ ಹೆಂಗದಿ?" ಅನ್ನುತ್ತಾಳೆ. ಮೊದಲ ಸಲ ಹಾಗೆ ಕೇಳಿದಾಗ ಫೋನು ಹಿಡಿದುಕೊಂಡೇ ಎದ್ದು ಬಾಗಿಲವರೆಗೆ ಹೋಗಿ ಬಂದೆ. ಆಮೇಲೆ ಹೇಳಿದೆ:

"ನೋಯಾಕತ್ತೈತಿ ಅಕ್ಕಾ."