ಲೋಕಲ್ ಸೀಟಿನ ಅರ್ಥಶಾಸ್ತ್ರ

ನೋಡಿ ಮಾರ್ರೆ, ಮಕ್ಕಳಿಗೆ ಪಾಠ ಇಷ್ಟು ಚೆನ್ನಾಗಿ ಅರ್ಥವಾಗಬಾರದು. ಇವತ್ತು ನಿಂತುಕೊಂಡೇ ಮನೆಗೆ ಬಂದೆ.

ಡೊಂಬಿವಲಿಯ ನಮ್ಮ ಕಾಲೇಜಿನಲ್ಲಿ ಹನ್ನೊಂದನೇ ಕ್ಲಾಸಿಗೆ ಬೇಡಿಕೆ-ಪೂರೈಕೆ ಹೇಳಿಕೊಡಲು ಪ್ರತಿವರ್ಷ ಈರುಳ್ಳಿಯೇ ಗತಿ. ಬೇಜಾರಾಗಿ ಇವತ್ತು ಲೋಕಲ್ ಟ್ರೇನಿನ ಸೀಟನ್ನು ಉದಾಹರಣೆಗೆ ತೆಗೆದುಕೊಂಡೆ. "ಸೀಟು ಕಡಿಮೆ, ಜನ ಜಾಸ್ತಿ. ಯಾರಿಗೆ ಸಿಗಬೇಕು?"

"ಕೂತವರನ್ನು 'ಎಲ್ಲಿ ಇಳೀತೀರಿ' ಅಂತ ಮೊದಲು ಕೇಳಿದವರಿಗೆ, ಮಿಸ್!" ಎಂದು ಕ್ಲಾಸಿಗೆ ಕ್ಲಾಸೇ ಕೂಗಿತು.

ಭೇಷ್ ಎಂದೆ. ಕೂತವರು ಇಳಿದಾಗ ಆ ಸೀಟು ಮೊದಲು ಕೇಳಿಟ್ಟವರದ್ದು, ಅದು ಲೋಕಲಿನ ಬರೆಯದ ನಿಯಮ. ಹುಮ್ಮಸ್ಸಿನಲ್ಲಿ, "ಎದುರಿಗೆ ನಿಮ್ಮ ಟೀಚರೇ ನಿಂತಿದ್ದರೂ ನಿಯಮ ನಿಯಮವೇ" ಎಂದೂ ಸೇರಿಸಿದೆ.

ಸಂಜೆ ಕರ್ಜತ್ ಲೋಕಲಿನ ಲೇಡೀಸ್ ಡಬ್ಬಿಯಲ್ಲಿ ಅದೇ ಕ್ಲಾಸಿನ ಶ್ರಾವಣಿ ಕೂತಿದ್ದಳು. ಕಲಬುರಗಿ ಕಡೆಯ ಹುಡುಗಿ. ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲೇ. ನಾನು ಬದಲಾಪುರದವರೆಗೆ ಹೋಗಬೇಕು. ಅವಳ ಮುಂದೆಯೇ ನಿಂತು ನಕ್ಕೆ. ಅವಳೂ ನಕ್ಕಳು. ಏಳಲಿಲ್ಲ.

"ಎಲ್ಲಿ ಇಳೀತೀ ಮಗಾ?"

"ಉಲ್ಲಾಸನಗರ್, ಮಿಸ್. ಪರ್ ಆಂಟಿನೇ ಪೆಹಲೇ ಪೂಛಾ. ಆಪ್‌ನೇ ಹೀ ತೋ ಸಿಖಾಯಾ!"

ಮೊದಲೇ ಕೇಳಿಟ್ಟಿದ್ದ ಆ ಆಂಟಿ ನನ್ನ ಪಕ್ಕದಲ್ಲೇ ನಿಂತಿದ್ದರು. ಉಲ್ಲಾಸನಗರದಲ್ಲಿ ಶ್ರಾವಣಿ ಎದ್ದಳು, ಆಂಟಿ ಆರಾಮಾಗಿ ಕೂತು ನನ್ನತ್ತ ನೋಡಿದರು. "ಛಲೋ ಕಲಿಸೀರಿ ನೋಡ್ರಿ, ಟೀಚರ್."

ಆಸೆ ಬಿಡದೆ, "ನೀವು ಎಲ್ಲಿ ಇಳೀತೀರಿ?" ಎಂದೆ.

"ಕರ್ಜತ್ ರೀ. ಕಡೀ ಸ್ಟೇಷನ್."

ಇಳಿಯುವ ಮುಂಚೆ ಶ್ರಾವಣಿ, ಇದು ಪರೀಕ್ಷೆಗೆ ಬರುತ್ತದಾ ಎಂದು ಕೇಳಿದ್ದು ಇನ್ನೂ ಕಿವಿಯಲ್ಲಿದೆ: "ಮಿಸ್, ಯೇ ಎಕ್ಸಾಮ್ ಮೇ ಆಯೇಗಾ ಕ್ಯಾ?"

ನನಗೆ ಈರುಳ್ಳಿಯೇ ಸಾಕು ಮಾರ್ರೆ. ಕಣ್ಣೀರು ಹಾಕಿಸಿದರೂ ಎದುರುತ್ತರ ಕೊಡುವುದಿಲ್ಲ.